ಪಿಕರ್ಸ್‌ಗಿಲ್ ಮನೆಯ ಹಿಂದಿನ ಜಾಗ

ಪಿಕರ್ಸ್‌ಗಿಲ್‌ಗೆ ಬುದ್ಧಿ ಕಲಿಸದೆ ನಿವೃತ್ತಳಾಗುವುದಿಲ್ಲ ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ನಾನು ಇಂಗ್ಲೆಂಡಿನ ನಮ್ಮ ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಪರಿಸರ ಅಧಿಕಾರಿ, ಆತ ಯೋಜನಾ ಸಮಿತಿಯ ಅಧ್ಯಕ್ಷ.

ಕೌನ್ಸಿಲ್‌ಗೆ ಸೇರಿದ ಹುಲ್ಲುಗಾವಲೊಂದಿತ್ತು. ಜೂನ್ ಬಂತೆಂದರೆ ಅಲ್ಲಿ ನೇರಳೆ ಆರ್ಕಿಡ್ ಹೂಗಳು. ಅವುಗಳನ್ನು ನೋಡುತ್ತಲೇ ನನಗೆ ತಲೆ ನರೆತಿದೆ. ಅಲ್ಲಿ ಕೌನ್ಸಿಲ್ಲೇ ಮನೆಗಳನ್ನು ಕಟ್ಟುವುದೆಂದಾಯಿತು. ಕಟ್ಟುವವರು ಮೊದಲಿದ್ದ ಗಿಡ, ಹುಲ್ಲು, ಹೂವಿಗಿಂತ ಹತ್ತರಲ್ಲೊಂದು ಪಾಲು ಹೆಚ್ಚು ಬೆಳೆಸಿ ಕೊಡಬೇಕು, ಅದು ಕಾನೂನು. ಮೊದಲು ಏನೂ ಇರಲಿಲ್ಲವೆಂದರೆ ಕೊಡುವುದೂ ಕಡಿಮೆ ತಾನೇ? ಅಲ್ಲಿ ಏನೇನಿದೆ ಎಂದು ಲೆಕ್ಕ ಹಾಕಲು ನಾನು ಹೋಗುವ ಹಿಂದಿನ ದಿನವೇ ಪುಣ್ಯಾತ್ಮ ಪಿಕರ್ಸ್‌ಗಿಲ್ ಯಂತ್ರ ಬಿಟ್ಟು ಇಡೀ ಬಯಲನ್ನು ಅಗೆಸಿ ಹಾಕಿದ್ದ.

"ಅಯ್ಯೋ ಹಿಲರಿ, ಬರೀ ಮಣ್ಣಿಗ್ಯಾಕಮ್ಮ ಇಷ್ಟು ರಂಪ?" ಎಂದು ಎಲ್ಲರೆದುರು ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

ಬೇಕೆಂದೇ ಹಾಳು ಮಾಡಿದರೆ ಹಾಳಾಗುವ ಮುಂಚೆ ಇದ್ದದ್ದೇ ಲೆಕ್ಕಕ್ಕೆ ಬರುತ್ತದೆ ಎಂಬುದು ಆ ಮಹಾಶಯನಿಗೆ ಗೊತ್ತಿರಲಿಲ್ಲ. ಹಳೆಯ ಬಯಲಿಗೆ ಸಮನಾದದ್ದನ್ನು, ಮೇಲೊಂದಿಷ್ಟು ಸೇರಿಸಿ, ಕೌನ್ಸಿಲ್ ತನ್ನದೇ ಬೇರೆ ಜಾಗದಲ್ಲಿ ಬೆಳೆಸಬೇಕಾಯಿತು. ಜಾಗ ಹುಡುಕುವ ಕೆಲಸ ನನ್ನ ಪಾಲಿಗೇ ಬಂತು.

ಅವನ ಮನೆಯ ಹಿಂದೆ ಕೌನ್ಸಿಲ್‌ನ ಖಾಲಿ ಜಾಗವಿದೆ. ಅದನ್ನು ಸದ್ದಿಲ್ಲದೆ ಕೊಂಡು ಈಜುಕೊಳ ಕಟ್ಟಿಸುವ ಆಸೆ ಅವನಿಗೆ. ಚರ್ಚಿನ ಚಹಾ ಕೂಟದಲ್ಲಿ ಅವನ ಹೆಂಡತಿಯೇ ಬಾಯಿ ಬಿಟ್ಟಿದ್ದಳು. ನಾನು ಆ ಜಾಗವನ್ನೇ ಸಮಿತಿಯ ಮುಂದಿಟ್ಟೆ.

ಅವನ ಮುಖ ಬಿಳಿಚಿಕೊಂಡಿತು. "ಬೇರೆ ಎಲ್ಲೂ ಸಿಗ್ಲಿಲ್ವಾ?"

"ಯಾಕೆ ಸಾರ್, ಈ ಜಾಗದಲ್ಲಿ ನಿಮ್ಮದೇನಾದ್ರೂ ಸ್ವಂತ ಹಿತ ಇದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ, ಬರ್ಕೋತಾರೆ."

ಸ್ವಂತ ಹಿತವಿದ್ದವರು ಅದನ್ನು ಎಲ್ಲರೆದುರು ಹೇಳಿ ಎದ್ದು ಹೊರಗೆ ಹೋಗಬೇಕು, ಅದು ನಮ್ಮ ಸಮಿತಿಯ ಪದ್ಧತಿ. ಮುಂದಿನ ಸಾಲಿನಲ್ಲೇ ಊರ ಪತ್ರಿಕೆಯವಳು ಪೆನ್ನು ಹಿಡಿದು ಕೂತಿದ್ದಳು. ಅವನು ಹೇಳಿದ್ದರೆ, ಕೌನ್ಸಿಲ್ ಜಾಗದ ಮೇಲೆ ಅಧ್ಯಕ್ಷರ ಕಣ್ಣು ಎಂದು ಮರುದಿನ ಊರೆಲ್ಲ ಓದುತ್ತಿತ್ತು. ಅವನು ಕುರ್ಚಿ ಬಿಟ್ಟೇಳದೆ ಮುಂದಿದ್ದ ಕಾಗದ ತಿರುವಿಹಾಕಿದ. ಮತಕ್ಕೆ ಹಾಕಿದಾಗ ಎಲ್ಲರ ಕೈ ಮೇಲೆದ್ದಿತು. ಕೊನೆಗೆ ಅವನದೂ ಎದ್ದಿತು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು!

ಹೊರಗೆ ಬಂದವನೇ ನನಗೆ ಅಡ್ಡ ನಿಂತ. "ಬೇಕಂತ್ಲೇ ಮಾಡಿದ್ದು ನೀನು!"

"ಹೌದು, ಬೇಕಂತ್ಲೇ."

"ಇನ್ನು ಆ ಜಾಗಾನ ಕಾನೂನು ಪ್ರಕಾರ ಮೂವತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ವಂತೆ! ಅಷ್ಟೊತ್ತಿಗೆ ನಾನು ಇರ್ತೀನೇನೇ?"

"ನಿಮ್ಮ ಗೋಡೆ ಪಕ್ಕಕ್ಕೆ ಮುಳ್ಳುಪೊದೆ ಹಾಕಿಸ್ತಿದೀನಿ. ಬೇಗ ಬೆಳೆಯುತ್ತೆ, ನೋಡೋಕೆ ಖಂಡಿತ ಇರ್ತೀರ."

ಅವನು ಹಲ್ಲು ಕಡಿದ. "ಇಷ್ಟೆಲ್ಲ ಮಾಡಿದ್ಯಲ್ಲ, ನಿನ್ನ ಆ ಹೂವು ವಾಪಸ್ ಬರುತ್ತಾ?"

ಅವನ ಮುಖ ನೋಡಿಯೇ ಹೇಳಿದೆ.

"ಬರಲ್ಲ. ಬರೋ ಹಾಗಿದ್ದಿದ್ರೆ ನಿಮ್ಮನ್ನ ಬಿಟ್ಬಿಡ್ತಿದ್ದೆ."