ಬೂದಿ ಬೆರೆತ ಜೋಳ

ಮೂರು ದಿನ ಮನೆಮನೆ ಸುತ್ತಿದ ಸರ್ವೆ ಮೇಡಂ ಶಾಲೆಯ ಅಡುಗೆಕೋಣೆಯ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಕಳಚಿದಳು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಮುಖ ಮಾತ್ರ ಅರಳಿತ್ತು.

“ಒಳ್ಳೇ ಸುದ್ದಿ ಅಕ್ಕಾ. ನಿಮ್ಮ ಕೆಳಗಿನ ಬೀದೀಲಿ ನಲವತ್ತು ಮನೆ. ಒಂದರಲ್ಲೂ ಊಟಕ್ಕೆ ಕೊರತೆ ಇಲ್ಲ.”

ಗಂಜಿ ಹಂಡೆಯೊಳಗೆ ಸೊಂಟದವರೆಗೆ ಬಗ್ಗಿ ಉಜ್ಜುತ್ತಿದ್ದ ಅಡುಗೆಯಮ್ಮ ತಲೆ ಹೊರಗೆ ತೆಗೆದಳು.

“ಹಾಗಂತ ಯಾರಂದ್ರು?”

“ಅವರೇ ಅಂದ್ರು. ‘ಊಟಕ್ಕೆ ಸಾಕಾಗುತ್ತಾ’ ಅಂತ ಕೇಳ್ದೆ. ಎಲ್ಲರೂ ‘ಧಾರಾಳವಾಗಿ’ ಅಂದ್ರು. ನಿಮ್ಮತ್ತೆಯಂತೂ ಮೂರು ಹೊತ್ತು ಊಟ, ನಡುವೆ ಹಣ್ಣು ಅಂತ ಬರೆಸಿದ್ರು.”

“ಹಣ್ಣಾ! ನಮ್ಮನೇಲಿ ಹಣ್ಣಾಗಿರೋದು ನಮ್ಮತ್ತೆ ತಲೆಕೂದಲು ಒಂದೇ.”

ಮೇಡಂ ನಕ್ಕಳು. ಅಡುಗೆಯಮ್ಮ ನಗಲಿಲ್ಲ. ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ನಲವತ್ತರಲ್ಲಿ ಹತ್ತು ಮನೆಯಾದರೂ ಕೊರತೆ ಎನ್ನಬೇಕು. ಇಲ್ಲವಾದರೆ ಬೀದಿಗೆ ‘ಸ್ವಾವಲಂಬಿ’ ಎಂದು ಬಿರುದು ಕೊಟ್ಟು, ಶಾಲೆಯ ಮಧ್ಯಾಹ್ನದ ಊಟಕ್ಕೆ ಬರುವ ಧಾನ್ಯವನ್ನು ಮುಂದಿನ ತಿಂಗಳಿಂದ ನಿಲ್ಲಿಸುತ್ತಾರೆ. ನಾಳೆ ಪಟ್ಟಿ ಧಾನ್ಯ ಮಂಜೂರು ಮಾಡುವ ಸಾಹೇಬರ ಕೈ ಸೇರುತ್ತದೆ.

ಪಟ್ಟಿಯಲ್ಲಿ ಏನೇ ಇರಲಿ, ಅವಳ ಸೌಟಿಗೆ ಬೇರೆ ಲೆಕ್ಕ ಗೊತ್ತಿತ್ತು. ಎರಡು ದಿನದ ರಜೆ ಮುಗಿದು ಸೋಮವಾರ ಬಂದರೆ ಅರವತ್ತನಾಲ್ಕು ಮಕ್ಕಳು ತೊಂಬತ್ತು ಮಕ್ಕಳ ಊಟ ಉಣ್ಣುತ್ತಿದ್ದವು. ಅವತ್ತು ತಟ್ಟೆ ತೊಳೆಯುವ ಕೆಲಸವೇ ಇರುತ್ತಿರಲಿಲ್ಲ. ಮಕ್ಕಳೇ ನೆಕ್ಕಿ ಬೆಳಗಿಡುತ್ತಿದ್ದವು.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಗೊಣಗಿ ಅಡುಗೆಯಮ್ಮ ಕೈ ಒರೆಸಿಕೊಂಡಳು. “ಮೇಡಂ, ಚಪ್ಪಲಿ ಹಾಕ್ಕೊಳ್ಳಿ. ಇನ್ನೊಂದು ಸುತ್ತು ಬನ್ನಿ ನನ್ನ ಜೊತೆ. ಫೋನು ಚೀಲದಲ್ಲಿರ್ಲಿ, ನೀವು ಬಾಯಿ ಬಿಡ್ಬೇಡಿ.”

ಅವಳ ಉಪಾಯ ಸರಳವಾಗಿತ್ತು. ಇಲ್ಲ ಎನ್ನಲು ಬಾಯಿ ಬಾರದವರ ಬಳಿ ಕೊಡಿ ಎಂದು ಕೇಳಬೇಕು. ಬಾಯಿ ಸುಳ್ಳಾಡೀತು, ಬರಿದಾದ ಡಬ್ಬ ಆಡೀತೇ?

ಮೊದಲು ಬಾವಿ ಪಕ್ಕದ ಮನೆ. “ಅತ್ತಿಗೇ, ನಾಳೆ ಶಾಲೆ ಗಂಜಿಗೆ ಜೋಳ ಸಾಲ್ದು. ಒಂದು ಪಾವು ಕೈಗಡ ಕೊಡ್ತೀಯಾ?”

ಅತ್ತಿಗೆಯ ಮುಖದ ಮೇಲೆ ಏನೋ ಹಾದುಹೋಯಿತು. ಆಮೇಲೆ, “ಅದಕ್ಕೇನಂತೆ, ನಿಂತ್ಕೋ,” ಎಂದು ಒಳಗೆ ಹೋದಳು. ಬರಲು ಹೊತ್ತಾಯಿತು. ಬಂದಾಗ ಪಾವು ತುಂಬಿತ್ತು.

ಎರಡನೆಯ ಮನೆಯಲ್ಲೂ ಕೊಟ್ಟರು, ಮೂರನೆಯದರಲ್ಲೂ ಕೊಟ್ಟರು. ಬಡಗಿ ಮಾವ, “ಮಕ್ಕಳಿಗೆ ತಾನೇ? ವಾಪಸ್ ಬೇಡ ಹೋಗು,” ಎಂದ. ಸ್ವಂತ ಮನೆಯ ಬಾಗಿಲಲ್ಲಿ ಅತ್ತೆ, ಸೊಸೆ ತನ್ನನ್ನೇ ಬೇಡುವುದನ್ನು ಕಂಡು ಮೂಗು ಮುರಿದು, “ಊರಿಗೆ ದಾನ ಮಾಡೋಕೆ ನಮ್ಮನೇಲಿ ಬರ ಬಂದಿಲ್ಲ,” ಎಂದು ಒಂದರ ಬದಲು ಎರಡು ಪಾವು ಸುರಿದಳು.

ಸಂಜೆಯ ಬಿಸಿಲು ಇಳಿಯುವಷ್ಟರಲ್ಲಿ ಚೀಲ ತುಂಬಿ ಅಡುಗೆಯಮ್ಮನ ಹೆಗಲು ಜಗ್ಗಿತು. ಎದೆ ಅದಕ್ಕಿಂತ ಹೆಚ್ಚು ಜಗ್ಗಿತು.

“ನೋಡಿದ್ರಾ ಅಕ್ಕಾ, ಕೇಳಿದ ತಕ್ಷಣ ಕೊಡ್ತಾರೆ. ಇವರಿಗೆಲ್ಲಿ ಕೊರತೆ?” ಎಂದಳು ಮೇಡಂ ಮೆಲ್ಲಗೆ.

ಉಪಾಯ ತಿರುಗಿ ತನ್ನ ಕಾಲಿಗೇ ಕಚ್ಚಿತ್ತು. ಅಡುಗೆಯಮ್ಮ ಅಡುಗೆಕೋಣೆಯ ನೆಲದ ಮೇಲೆ ಕುಳಿತು ಜೋಳವನ್ನು ಮೊರಕ್ಕೆ ಸುರಿದಳು. ಕಲ್ಲು ಆರಿಸಬೇಕೆಂದೇನಲ್ಲ, ದುಃಖವಾದಾಗ ಅವಳ ಕೈಗೆ ಕೆಲಸ ಬೇಕು. ಎರಡು ಸಲ ಕೇರಿದ್ದೇ ತಡ, ಬೂದು ಬಣ್ಣದ ಧೂಳೆದ್ದು ಸೀನು ಬಂತು. ಕೈ ನೋಡಿಕೊಂಡಳು. ಬೆರಳೆಲ್ಲ ಬೂದಿ. ಕಾಳಿನ ನಡುವೆ ಒಣಗಿದ ಬೇವಿನೆಲೆಯ ಚೂರು.

ಕೈ ಅಲ್ಲೇ ನಿಂತಿತು.

“ಮೇಡಂ, ಇಲ್ಲಿ ಬನ್ನಿ. ಮೂಸಿ ನೋಡಿ.”

ಮೇಡಂ ಒಂದು ಹಿಡಿ ಎತ್ತಿ ಮೂಸಿದಳು. ಅವಳೂ ಹೊಲದ ಮನೆಯ ಮಗಳೇ. ಉಣ್ಣುವ ಜೋಳಕ್ಕೆ ಯಾರೂ ಬೂದಿ ಬೆರೆಸುವುದಿಲ್ಲ. ಹುಳು ಬೀಳದಿರಲೆಂದು ಬೂದಿ, ಬೇವು ಬೆರೆಸಿ ಗಡಿಗೆಯ ಬಾಯಿಗೆ ಮಣ್ಣು ಮೆತ್ತಿಡುವುದು ಬಿತ್ತನೆಯ ಬೀಜವನ್ನು.

“ಬೀಜ!” ಎಂದಳು ಮೇಡಂ. “ಬೀಜದ ಗಡಿಗೆ ಒಡೆದು ಕೊಟ್ಟಿದ್ದಾರೆ.”

“ಇವತ್ತು ಒಡೆದದ್ದಲ್ಲ. ಇವತ್ತೇ ಒಡೆದಿದ್ರೆ ಅಷ್ಟೂ ಮನೆ ಮುಂದೆ ಒಣಮಣ್ಣಿನ ಹೆಂಟೆ ಬಿದ್ದಿರೋದು. ನನ್ನ ಕಣ್ಣಿಗೆ ಒಂದೂ ಬೀಳ್ಲಿಲ್ಲ. ಯಾವಾಗಲೋ ಒಡೆದು ತಿಂತಾ ಇದ್ದಾರೆ.” ಹೇಳುತ್ತಿದ್ದಂತೆ ಅತ್ತೆಯ ಎರಡು ಪಾವು ಅಡುಗೆಯಮ್ಮನಿಗೆ ನೆನಪಾಯಿತು. ಅವಳ ಊಟ ಶಾಲೆಯಲ್ಲಿ. ಮನೆಯ ಒಲೆ ಅತ್ತೆಯದು. ಒಲೆಗೆ ಯಾವ ಜೋಳ ಹೋಗುತ್ತಿದೆ ಎಂದು ಅವಳು ಕೇಳಿದ್ದೇ ಇಲ್ಲ.

ಮೇಡಂ ಫೋನು ತೆಗೆದು ಬೆರಳಾಡಿಸಿ ಹಣೆ ಚಚ್ಚಿಕೊಂಡಳು. “ಹದಿನಾರನೇ ಪ್ರಶ್ನೆ ಅಕ್ಕಾ! ‘ಬಿತ್ತನೆ ಬೀಜವನ್ನು ಊಟಕ್ಕೆ ಬಳಸಿದ್ದೀರಾ?’ ಹೌದು ಅಂದ್ರೆ ತೀವ್ರ ಕೊರತೆ ಅಂತ ಲೆಕ್ಕ, ಬೇರೇನೂ ಕೇಳೋ ಹಾಗೇ ಇಲ್ಲ. ಆದ್ರೆ ಮೊದಲನೇದಕ್ಕೆ ‘ಸಾಕಾಗುತ್ತೆ’ ಅಂದುಬಿಟ್ರೆ ಫಾರಂ ಸೀದಾ ಕೊನೆಗೆ ಹಾರುತ್ತೆ. ಹದಿನಾರು ನನ್ನ ಕಣ್ಣಿಗೇ ಬಿದ್ದಿಲ್ಲ.”

ಪಟ್ಟಿ ತಡೆಹಿಡಿದು ಅವಳು ಸಾಹೇಬರಿಗೆ ಫೋನು ಮಾಡಿದಳು. ನಾಳೆ ತಾವೇ ಬಂದು ನೋಡುವುದಾಗಿ ಅವರು ಹೇಳಿದರು. ಇನ್ನು ಜನ ಬಾಯಿ ಬಿಡಬೇಕಿತ್ತು, ಮತ್ತು ಬೀದಿಯಲ್ಲಿ ಅತ್ತೆ ಬಾಯಿ ಬಿಡದೆ ಮತ್ಯಾರೂ ಬಿಡುವವರಲ್ಲ.

“ಬೀದಿ ಮುಂದೆ ನನ್ನ ಮಾನ ಕಳೀತೀಯೇನೇ?” ಎಂದು, ಬೀಜ ತಿಂದದ್ದನ್ನು ಸಾಹೇಬರಿಗೆ ಹೇಳಲು ಒತ್ತಾಯಿಸಿದ ಸೊಸೆಯ ಮೇಲೆ ಅತ್ತೆ ಎಗರಿದಳು.

ಅಡುಗೆಯಮ್ಮ ಮೊರವನ್ನು ಅವಳ ಮುಂದಿಟ್ಟಳು. “ಇಡೀ ಬೀದಿ ಮಾನ ಇದರಲ್ಲೇ ಇದೆ ಅತ್ತೆ. ನಿಮ್ಮದು ಯಾವ ಕಾಳು ಅಂತ ಆರಿಸಿ ಕೊಡಿ, ಪಕ್ಕಕ್ಕಿಡ್ತೀನಿ.”

ಅತ್ತೆ ಮೊರವನ್ನೇ ನೋಡುತ್ತ ಕುಳಿತಳು. “ಎಲ್ಲರದ್ದೂನಾ?” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. “ನಾನೊಬ್ಬಳೇ ಅನ್ಕೊಂಡಿದ್ದೆ.”

ಮರುದಿನ ಶಾಲೆಯ ಅಂಗಳದಲ್ಲಿ ಸಾಹೇಬರು ಕನ್ನಡಕ ಏರಿಸಿ ಕೇಳಿದರು. “ಮೊನ್ನೆ ಧಾರಾಳ ಅಂದ್ರಿ. ಇವತ್ತು ಬೀಜ ತಿಂದಿದೀವಿ ಅಂತೀರಂತೆ. ಯಾವುದು ನಿಜ?”

ನಲವತ್ತು ಮನೆಯ ಜನ ನೆಲ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು.

“ಸಾಹೇಬ್ರೇ, ಮನೆಗೆ ಬಂದವರು ಊಟ ಇದೆಯಾ ಅಂತ ಕೇಳಿದ್ರೆ ಇದೆ ಅಂತೀವಿ. ನಿಮ್ಮ ತಾಯೀನೂ ಹಾಗೇ ಅಂದಿರ್ತಾರೆ. ಬೀಜ ಇದೆಯಾ ಅಂತ ಕೇಳಿ, ನಿಜ ಹೇಳ್ತೀವಿ. ನಮ್ಮನೇಲಿ ಗಡಿಗೆ ಒಡೆದು ಹದಿನೆಂಟು ದಿನ ಆಯ್ತು. ಇನ್ನೊಂದು ವಾರ ತಿಂದ್ರೆ ತಳ. ಮಳೆ ಬಂದಾಗ ಹೊಲಕ್ಕೆ ನನ್ನನ್ನೇ ಬಿತ್ಬೇಕು. ನಾನು ಮೊಳೆಯೋ ವಯಸ್ಸಲ್ಲ.”

ಯಾರೋ ಕಿಸಕ್ಕೆಂದರು. ನಗು ಹಬ್ಬಿತು, ನಗುವಿನ ಹಿಂದೆಯೇ ಬಡಗಿ ಮಾವನ ಕೈ ಮೇಲೆದ್ದಿತು. “ನಮ್ಮನೇಲಿ ಒಡೆದು ಹತ್ತು ದಿನ.” “ನಮ್ಮದು ಮುಗಿದೇ ಹೋಯ್ತು, ನಿನ್ನೆ ಕೊಟ್ಟದ್ದೇ ಕೊನೇದು,” ಎಂದಳು ಬಾವಿ ಪಕ್ಕದ ಅತ್ತಿಗೆ. ಮೇಡಂ ಎಣಿಸುತ್ತ ಹೋದಳು. ಹತ್ತು ದಾಟಿತು, ಇಪ್ಪತ್ತು ದಾಟಿತು, ಮೂವತ್ತಮೂರಕ್ಕೆ ನಿಂತಿತು.

ಸಾಹೇಬರು ಮೊರದಿಂದ ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ನಿಂತಲ್ಲೇ, ಮೇಡಂನ ಚೀಲವನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ಶಾಲೆಯ ಊಟ ನಿಲ್ಲುವಂತಿಲ್ಲ. ಮನೆಗಳಿಗೆ ಕೊಯ್ಲಿನವರೆಗೆ ಧಾನ್ಯ. ಬಿತ್ತನೆಗೆ ಮೊದಲು ಬೀಜ.

ಬೀಜದ ಲಾರಿ ಹನ್ನೆರಡನೇ ದಿನ ಬಂತು. ಚೀಲ ಇಳಿಸಲು ಹೋದವರನ್ನು ತಡೆದು ಅತ್ತೆ ಒಂದನ್ನು ಬಿಚ್ಚಿಸಿ ಕಾಳು ಕಚ್ಚಿದಳು. “ಒಳಗೆ ಟೊಳ್ಳು. ವಾಪಸ್ ಒಯ್ಯಿ.”

“ಅಜ್ಜೀ, ಇದು ಸರ್ಕಾರ ಕೊಟ್ಟದ್ದು,” ಎಂದ ಡ್ರೈವರ್.

“ಬಿತ್ತೋದು ಸರ್ಕಾರಾನಾ, ನಾವಾ?”

ಹಿಂದೆ ಮೂವತ್ತಮೂರು ಮನೆಯವರು ನಿಂತಿದ್ದರು. ಡ್ರೈವರ್ ಅವರನ್ನೊಮ್ಮೆ ನೋಡಿ ಲಾರಿ ತಿರುಗಿಸಿದ. ಅದಾದ ಮೂರನೇ ದಿನ ಬಂದ ಬೀಜ ಹಲ್ಲಿಗೆ ಕಟಕ್ಕೆಂದಿತು. ಅತ್ತೆ ತಲೆಯಾಡಿಸಿದ ಮೇಲೆಯೇ ಮೊದಲ ಚೀಲ ನೆಲ ಮುಟ್ಟಿತು.

ಹೊಲಗಳೆಲ್ಲ ಹಸಿರಾದ ಮೇಲೆ ಮೇಡಂ ಇನ್ನೊಂದು ಸುದ್ದಿ ತಂದಳು. ಹದಿನಾರನೇ ಪ್ರಶ್ನೆಯನ್ನು ಫಾರಂನಲ್ಲಿ ಮೊದಲಿಗೆ ತಂದಿದ್ದಾರೆ. ‘ಸ್ವಾವಲಂಬಿ’ ಎನಿಸಿಕೊಂಡಿದ್ದ ಇನ್ನೂ ಹತ್ತೊಂಬತ್ತು ಬೀದಿಗಳಿಗೆ ಧಾನ್ಯ ಹೊರಟಿದೆ.

“ನಾನು ಅವತ್ತು ಎದ್ದು ನಿಲ್ಲದಿದ್ರೆ ಇದೆಲ್ಲ ಆಗ್ತಿತ್ತಾ?” ಎಂದಳು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ.

“ಎಲ್ಲಿ ಆಗ್ತಿತ್ತು ಅತ್ತೆ,” ಎಂದು ಅಡುಗೆಯಮ್ಮ ನೆರಿಗೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ಕಳೆ ತೆಗೆಯಲು ಹೊಲಕ್ಕಿಳಿದಳು.