ಬಿಡುಗಡೆಗೆ ನನ್ನದೇನೂ ತಕರಾರಿಲ್ಲ

ನನ್ನ ಗಂಡನ ಜೀವ ತೆಗೆದದ್ದು ರಾಷ್ಟ್ರಧ್ವಜ ಕಟ್ಟಿದ್ದ ಬಿದಿರು ಕೋಲು. ಕೋಲಿನ ತಪ್ಪೇನಿಲ್ಲ, ಹಿಡಿದ ಕೈ ಸಿದ್ದಲಿಂಗೇಶನದು. ಅವನು ತಿಕೋಟಾದಲ್ಲಿ ನಮ್ಮದೇ ಓಣಿಯವನು. ನನ್ನನ್ನು ಅತ್ತಿಗೆಯೆಂದು ಬಗೆದು ವೈನಿ ಎಂದು ಕರೆಯುತ್ತ ನಮ್ಮ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿಂದವನು.

ಅವತ್ತು ಆಗಸ್ಟ್ ಹದಿನೈದು. ನನ್ನ ಗಂಡ ಸಂಗನಬಸವ ಟೆಂಪೊದಲ್ಲಿ ಒಣದ್ರಾಕ್ಷಿ ಹೇರಿಕೊಂಡು ವಿಜಯಪುರಕ್ಕೆ ಹೋಗಿದ್ದ. ಸ್ಟೇಷನ್ ರಸ್ತೆಯಲ್ಲಿ ಬೈಕ್ ರ‍್ಯಾಲಿ ಅಡ್ಡ ಬಂತು. ಗಾಡಿ ನಿಲ್ಲಿಸಿ ಘೋಷಣೆ ಕೂಗು ಎಂದರು. ಕೂಗಿದ. ಇನ್ನೂ ಜೋರಾಗಿ ಎಂದರು. "ಮಾಲ ಇಳಿಸಿ ಬಂದು ಬೇಕಾದಷ್ಟು ಒದರ್ತೇನಿ, ಈಗ ದಾರಿ ಬಿಡ್ರೋ" ಅಂದ. ಅಷ್ಟಕ್ಕೇ ದೇಶದ್ರೋಹಿಯಾದ. ಗೆಳೆಯರೆದುರು ಸಿದ್ದಲಿಂಗೇಶ ತನ್ನ ದೇಶಭಕ್ತಿ ತೋರಿಸಬೇಕಿತ್ತಲ್ಲ, ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ.

ಅವನಿಗೆ ಜೀವಾವಧಿಯಾಯಿತು. ನಾನು ಬಸ್ ಸ್ಟ್ಯಾಂಡ್ ಎದುರು ಖಾನಾವಳಿ ಹಾಕಿದೆ. ಪ್ರತಿ ವರ್ಷ ಶಾಲೆ ಮಕ್ಕಳ ಪ್ರಭಾತಫೇರಿ ಬಂದಾಗ ಬಾಗಿಲು ಮುಚ್ಚಿ ಒಳಗೆ ಕೂತಿರುತ್ತಿದ್ದೆ. ದೇಶದ ಮೇಲೆ ನನಗೆ ಸಿಟ್ಟಿಲ್ಲ. ದೇಶ ನನ್ನ ಗಂಡನನ್ನು ಏನೂ ಕೇಳಿರಲಿಲ್ಲ, ಕೇಳಿದವರು ಈ ಗಂಡುಗಲಿಗಳು.

ಈ ವರ್ಷ ಬೇಸಿಗೆಯಲ್ಲಿ ಪೊಲೀಸರೊಬ್ಬರು ಖಾನಾವಳಿಗೆ ಬಂದರು. ಸನ್ನಡತೆಯ ಮೇಲೆ ಸಿದ್ದಲಿಂಗೇಶನನ್ನು ಸ್ವಾತಂತ್ರ್ಯ ದಿನ ಬಿಡುವ ವಿಚಾರವಿದೆ, ಸತ್ತವನ ಮನೆಯವರ ಅಭಿಪ್ರಾಯ ಬೇಕು ಎಂದರು. ಆಗುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದು ಮಾತಿಗಾಗಿ ಇಷ್ಟು ವರ್ಷ ಕಾದವಳು ನಾನು, ಎಂಜಲು ತಟ್ಟೆಗಳ ನಡುವೆ ನಿಂತು ಅದನ್ನು ಹೇಳಲು ಮನಸ್ಸಾಗಲಿಲ್ಲ. ನಾಳೆ ಠಾಣೆಗೇ ಬಂದು ಹೇಳುತ್ತೇನೆ ಎಂದೆ.

ಸಂಜೆ ಅವನ ಅಣ್ಣ ಗುರಲಿಂಗಪ್ಪ ಬಂದ. ತಮ್ಮನ ಪರವಾಗಿ ಬೇಡಲು ಬಂದಿದ್ದಾನೆ, ಚೆನ್ನಾಗಿ ಉಗಿಯಬೇಕು ಎಂದುಕೊಂಡೆ. ಅವನು ಕೈ ಮುಗಿದ.

"ಅಕ್ಕಾರ, ತಕರಾರ ಐತಿ ಅಂತ ಬರೆಸ್ರಿ. ಅವನ್ನ ಬಿಡಬ್ಯಾಡ್ರಿ ಅನ್ರಿ."

"ಯಾಕಪಾ, ಅಂವ ನಿನ್ನ ಖಾಸಾ ತಮ್ಮ ಅಲ್ಲೇನು?"

"ತಮ್ಮನ ಹೌದ್ರಿ. ಆದ್ರ ಅವ್ವ ತ್ವಾಟ ಎಲ್ಲಾ ನನ್ನ ಹೆಸರಿಗಿ ಬರೆದು ತೀರಿಕೊಂಡಾಳ. ಅದು ಅವಂಗ ಗೊತ್ತಿಲ್ಲ. ಅವ್ವಗ ಮೊಣಕಾಲ ನೋವು, ಬರಾಕ ಆಗಂಗಿಲ್ಲ ಅಂತ ಸುಳ್ಳ ಹೇಳ್ಕೊಂತ ಬಂದೇನಿ. ಬಬಲೇಶ್ವರದವರ ಜೋಡಿ ಮಗಳ ಲಗ್ನ ಗೊತ್ತಾಗೇತಿ. ಬೀಗರಿಗಿ ಇಂಥಾ ತಮ್ಮ ಅದಾನಂತನೂ ಹೇಳಿಲ್ರಿ. ಅಂವ ಬಂದ್ರ ನಾ ಬಾಗಿಲಾ ತಗ್ಯಾಂಗಿಲ್ಲ."

ಅವನಿಗೆ ಚಹಾ ಕೊಟ್ಟು ಕಳಿಸಿದೆ. ಹೋದ ಮೇಲೆ ನನಗೆ ನಗು ಬಂತು. ಜೈಲಿನಲ್ಲಿ ಸಿದ್ದಲಿಂಗೇಶನಿಗೆ ಹೊತ್ತಿಗೆ ಸರಿಯಾಗಿ ಊಟವಿತ್ತು, ಕಾಯುವ ತಾಯಿಯಿದ್ದಳು, ತೋಟವಿತ್ತು. ಎಲ್ಲವೂ ಅಲ್ಲೇ, ಆ ಗೋಡೆಯೊಳಗೇ ಇತ್ತು, ಹೊರಗೆ ಏನೂ ಉಳಿದಿರಲಿಲ್ಲ. ಅವನು ಒಳಗೇ ಕೊಳೆಯಲಿ ಎಂದು ಬಯಸುತ್ತ ಇಷ್ಟು ವರ್ಷ ನಾನು ಅವನ ಸುಖವನ್ನೇ ಬಯಸಿದಂತಾಗಿತ್ತಲ್ಲ!

ಮರುದಿನ ಠಾಣೆಗೆ ಹೋಗಿ ಹೇಳಿದೆ: "ಬಿಡುಗಡೆಗೆ ನಂದೇನೂ ತಕರಾರಿಲ್ರಿ."

"ದೊಡ್ಡ ಮನಸ್ಸರಿ ಯವ್ವಾ ನಿಮ್ದು" ಎಂದರು ಪೊಲೀಸರು. ಓಣಿಯವರೂ ಹಾಗೇ ಅಂದರು. ಅನ್ನಲಿ ಎಂದುಕೊಂಡೆ.

ಆಗಸ್ಟ್ ಹದಿನೈದರಂದು ಬೆಳಿಗ್ಗೆ ವಿಜಯಪುರಕ್ಕೆ ಹೋಗಿ ಜೈಲಿನ ಬಾಗಿಲಲ್ಲಿ ನಿಂತೆ. ಒಳಗೆ ಧ್ವಜ ಏರಿತು, ಸ್ವಾತಂತ್ರ್ಯದ ಬೆಲೆ ಕುರಿತು ಯಾರೋ ಭಾಷಣ ಮಾಡಿದ್ದು ಕೇಳಿಸಿತು. ಬಿಡುಗಡೆಯಾದವರು ಹೂವಿನ ಹಾರ ಹಾಕಿಕೊಂಡು ಬಂದರು. ಸಿದ್ದಲಿಂಗೇಶನ ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ ಕಾಲಿಗೆ ಬಿದ್ದ.

"ವೈನಿ, ನೀವು ದೇವರಿದ್ದಂಗ. ಯಾರೂ ಬಂದಿಲ್ಲ, ನೀವು ಬಂದೀರಿ. ನಮ್ಮ ಮನಿಯಾಗ ಎಲ್ಲಾರೂ ಅರಾಮ ಅದಾರಿಲ್ರಿ?"

"ನೀನ ಹೋಗಿ ನೋಡಪಾ" ಎಂದೆ.

ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಅವನು ಕಿಟಕಿ ಪಕ್ಕ ಕೂತು ಕಣ್ಣು ಮಿಟುಕಿಸದೆ ಹೊರಗೆ ನೋಡುತ್ತಿದ್ದ. ದ್ರಾಕ್ಷಿ ತೋಟಗಳು ಶುರುವಾದಾಗ, "ಅವ್ವ ಇವತ್ತ ಹೋಳಿಗಿ ಮಾಡಿ ಕುಂತಿರ್ತಾಳ ನೋಡ್ರಿ" ಎಂದು ನಕ್ಕ. ಹೇಳಬಹುದಿತ್ತು. ಹೇಳಲಿಲ್ಲ. ಅವನ ನಗು ನೋಡಿ ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

ಓಣಿಯ ತುದಿಯಲ್ಲಿ ನಿಂತು ನೋಡಿದೆ. ಗುರಲಿಂಗಪ್ಪ ಅರ್ಧ ಬಾಗಿಲು ತೆರೆದು ನಾಲ್ಕು ಮಾತಾಡಿ ಮುಚ್ಚಿದ. ಸಿದ್ದಲಿಂಗೇಶ ಅವ್ವಾ ಎಂದು ಒಂದೇ ಸಲ ಕೂಗಿದ. ಆಮೇಲೆ ಹಾರವನ್ನೂ ತೆಗೆಯದೆ ಕಟ್ಟೆಯ ಮೇಲೆ ಕೂತ. ಅಕ್ಕಪಕ್ಕದವರು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು.

ಮಧ್ಯಾಹ್ನ ಖಾನಾವಳಿಗೆ ಬಂದ. ಬೇರೆಲ್ಲಿಗೆ ಬರುತ್ತಾನೆ? ಅವನ ಮುಂದೆ ರೊಟ್ಟಿ, ಪಲ್ಯ ಇಟ್ಟೆ. ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದ.

"ಅವ್ವ ಹೋಗಿದ್ದು ನಿಮಗ ಗೊತ್ತಿತ್ತೇನ್ರಿ, ವೈನಿ?"

"ಗೊತ್ತಿತ್ತು."

"ಬಸ್ಸಿನ್ಯಾಗ ಯಾಕ ಹೇಳಲಿಲ್ರಿ?"

"ನನಗರ ಯಾರ ಹೇಳಿದ್ರು? ಅವತ್ತ ಸಂಜೀತನಕ ಗಂಡ ಊಟಕ್ಕ ಬರ್ತಾನಂತ ನಾನೂ ಕಾಯ್ಕೊಂತ ಕುಂತಿದ್ನಿ."

ಅವನು ತುತ್ತನ್ನು ತಟ್ಟೆಗೆ ಹಾಕಿದ. "ನನ್ನ ಒಳಗ ಇರಾಕ ಬಿಡಬೇಕಿತ್ರಿ. ಈಗ ನಾ ಎಲ್ಲಿಗಿ ಹೋಗ್ಲಿ?"

"ಎಲ್ಲಿಗಿ ಬೇಕಾದ್ರೂ ಹೋಗು. ಯಾರ ತಡೀತಾರ? ನಿನಗ ಸ್ವಾತಂತ್ರ್ಯ ಸಿಕ್ಕೈತಲ್ಲ."

ಅವನು ಎದ್ದು ರಸ್ತೆಗೆ ಹೋದ. ಆ ಕಡೆ ನೋಡಿದ, ಈ ಕಡೆ ನೋಡಿದ. ಬಸ್ಸೊಂದು ಬಂದು ನಿಂತು ಹೋಯಿತು. ಮರಳಿ ಬಂದು ಅದೇ ಬೆಂಚಿನ ಮೇಲೆ ಕೂತ. ನಾನು ಬಿಸಿ ರೊಟ್ಟಿಯೊಂದನ್ನು ಬಡಿಸಿದೆ. ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ. ನಾನು ಬಡಿಸುತ್ತೇನೆ.