ಮೇದಪ್ಪನ ಬೆನ್ನಿನ ಮಚ್ಚೆಗಳು

ಪುತ್ತೂರಿನ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಬರುವ ವಂಶವಾಹಿ ತಜ್ಞೆ ಡಾ. ಗಾನಶ್ರೀ ಹತ್ತೊಂಬತ್ತರ ಭವಿತಾಳ ಕುತ್ತಿಗೆಯ ಗಂಟುಗಳನ್ನು ಪರೀಕ್ಷಿಸಿ ಅವಳ ಅಪ್ಪನತ್ತ ತಿರುಗಿದರು.

"ನೀವು ಅಂಗಿ ತೆಗೀರಿ."

"ನನಗೆ ಎಂತ ಇಲ್ಲ ಡಾಕ್ಟ್ರೆ," ಎಂದ ಮೇದಪ್ಪ.

"ಇಲ್ಲದಿದ್ರೆ ಒಳ್ಳೇದೇ. ತೆಗೀರಿ."

ಬೆನ್ನಿನ ಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ಮಚ್ಚೆಗಳಿದ್ದವು. ಡಾಕ್ಟರು ಅಳೆದರು. ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡವು ಎಂಟು. ಕಂಕುಳಲ್ಲಿ ಸಣ್ಣ ಚುಕ್ಕೆಗಳು. ಸೊಂಟದ ಬಳಿ ಎರಡು ಮೆತ್ತನೆಯ ಉಬ್ಬುಗಳು. ಅವನು ಕೊಬ್ಬೆಂದು ತಿಳಿದಿದ್ದ.

"ಮಗಳಿಗೆ ನಿಮ್ಮಿಂದಲೇ ಬಂದದ್ದು. ರಕ್ತಪರೀಕ್ಷೆ ಮಾಡಿಸುವ, ಆದರೆ ನನಗೆ ಸಂಶಯ ಇಲ್ಲ. ತೋಟಕ್ಕೆ ಪಂಪು ಉಂಟಲ್ಲ? ಜೀವಕೋಶದಲ್ಲಿ ರಾಸ್ ಅಂತ ಹಾಗೊಂದು ಸ್ವಿಚ್ಚು. ಜಿಟಿಪಿ ಎಂಬ ಅಣು ಅಂಟಿದ್ರೆ ಆನ್, ಕೋಶಕ್ಕೆ ಬೆಳೆಯುವ ಸೂಚನೆ ಹೋಗ್ತದೆ. ರಾಸ್ ಆ ಜಿಟಿಪಿಯನ್ನು ತಾನೇ ಮುರಿದು ಆಫ್ ಆಗ್ತದೆ, ಆದರೆ ತುಂಬಾ ನಿಧಾನ. ಬೇಗ ಮುರಿಸ್ಲಿಕ್ಕೆ ಬೇರೆ ಪ್ರೋಟೀನುಗಳುಂಟು, ಜಿಎಪಿ ಅಂತ ಹೇಳುದು. ಅಂಥದ್ದೊಂದು ನ್ಯೂರೋಫೈಬ್ರೋಮಿನ್. ಅದರ ಜೀನಿನ ಎರಡು ಪ್ರತಿಗಳಲ್ಲಿ ಒಂದು ನಿಮ್ಮಲ್ಲಿ ಹುಟ್ಟಿನಿಂದಲೇ ಹಾಳು, ಅವಳಲ್ಲೂ. ನರದ ಸುತ್ತ ಯಾವುದಾದ್ರೂ ಕೋಶದಲ್ಲಿ ಇನ್ನೊಂದೂ ಹಾಳಾದ್ರೆ ಗಂಟು ಬೆಳೀತದೆ."

"ಪಂಪು ಆಫ್ ಮಾಡ್ಲಿಕ್ಕೆ ಹೋಗುವವನೇ ಇಲ್ಲದ ಹಾಗೆ," ಎಂದ ಮೇದಪ್ಪ.

"ಹಾಗೆಯೇ."

"ತಾಯಿಯಿಂದ ಎಂತಾದ್ರೂ ತಪ್ಪಾಗಿದ್ರೆ?"

"ತಾಯಿಗೂ ಇದಕ್ಕೂ ಸಂಬಂಧವೇ ಇಲ್ಲ."

ಭವಿತಾ ಅಪ್ಪನ ಮುಖ ನೋಡಿದಳು.

ಹನ್ನೆರಡು ವರ್ಷಗಳ ಹಿಂದೆ, ಮೊದಲ ಗಂಟುಗಳು ಕಂಡಾಗ, ಮೇದಪ್ಪ ಜ್ಯೋತಿಷಿಯ ಬಳಿ ಹೋಗಿದ್ದ. ನಾಗಬನಕ್ಕೆ ಮೈಲಿಗೆ ಏನಾದರೂ ಆಗಿತ್ತೇ ಎಂದು ಜ್ಯೋತಿಷಿ ಕೇಳಿದ್ದರು, ಅಷ್ಟೆ. ಬನಕ್ಕೆ ನುಗ್ಗಿದ ಕರುವನ್ನು ಹಿಡಿಯಲು ಹೆಂಡತಿ ಕಮಲಾವತಿ ಮುಟ್ಟಿನ ದಿನ ಒಳಗೆ ಹೋಗಿದ್ದಳೆಂದು ಹೇಳಿದವನು ಮೇದಪ್ಪನೇ. ಅಂದಿನಿಂದ ಅವಳು ಷಷ್ಠಿಗೆ ಉಪವಾಸ ಮಾಡುತ್ತಿದ್ದಳು. ನಾಗರ ಪಂಚಮಿಗೆ ಬನದ ಕಟ್ಟೆಯ ಹೊರಗೆ ಗಂಡಸರ ಅಂಗಿಗಳನ್ನು ಹಿಡಿದು ನಿಲ್ಲುತ್ತಿದ್ದಳು.

"ಅಮ್ಮನಿಗೆ ನೀವು ಹೇಳ್ತೀರಾ, ನಾನು ಹೇಳುದಾ?" ಅರಂತೋಡಿನಲ್ಲಿ ಬಸ್ಸಿಳಿದಾಗ ಭವಿತಾ ಕೇಳಿದಳು.

"ನಾನೇ ಹೇಳ್ತೇನೆ."

ಹೇಳಲಿಲ್ಲ. ಮೂರು ವಾರಗಳ ನಂತರ ಪರೀಕ್ಷೆಯ ವರದಿ ಮೊಬೈಲಿಗೆ ಬಂತು. ಡಾಕ್ಟರು ಹೇಳಿದ್ದೇ ಸರಿ. ಆಗಲೂ ಹೇಳಲಿಲ್ಲ.

ನಾಗರ ಪಂಚಮಿಯ ಬೆಳಿಗ್ಗೆ ಕುಟುಂಬದ ಗಂಡಸರು ಅಂಗಿ ತೆಗೆದು ಕಮಲಾವತಿಯ ಕೈಗೆ ಕೊಟ್ಟು ಒಳಗೆ ಹೋದರು. ಕಲ್ಲಿಗೆ ಎಳನೀರು, ಹಾಲು ಎರೆದಾಯಿತು. ಹಿರಿಯ ಪದ್ಮಯ್ಯ ಪ್ರತಿ ವರ್ಷದಂತೆ ಕೈಮುಗಿದು ಗಟ್ಟಿಯಾಗಿ ಹೇಳಿದ: "ಕಮಲಾವತಿಯಿಂದಾದ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಆ ಹುಡುಗಿಯನ್ನು..."

ಕಟ್ಟೆಯಾಚೆ ಭವಿತಾ ಅಮ್ಮನ ಪಕ್ಕ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

"ಅವಳ ಹೆಸರು ಬೇಡ ಮಾವ," ಎಂದ ಮೇದಪ್ಪ.

"ಮತ್ತೆ ಯಾರದ್ದು, ಕರುವಿನದ್ದಾ?" ಯಾರೋ ನಗುತ್ತಾ ಕೇಳಿದರು.

"ನನ್ನದು ಹೇಳಿ. ಈ ಮಚ್ಚೆ ನೋಡಿ. ಅದೇ ಕಾಯಿಲೆ. ಮಗಳಿಗೆ ನನ್ನಿಂದ ಬಂದದ್ದು. ರಿಪೋರ್ಟು ಉಂಟು."

"ಅದು ಹುಟ್ಟು ಮಚ್ಚೆ ಮಾರಾಯ. ವರ್ಷವೂ ನೋಡ್ತೇವೆ," ಎಂದ ಪದ್ಮಯ್ಯ.

"ನೋಡ್ತೇವೆ, ಹೌದು."

ಮೂವತ್ತು ವರ್ಷ ಇಲ್ಲಿ ಬರಿಮೈಯಲ್ಲಿ ನಿಂತಿದ್ದ ಮೇದಪ್ಪನಿಗೆ ಮೊದಲ ಸಲ ಮೈ ಮುಚ್ಚಿಕೊಳ್ಳಬೇಕೆನಿಸಿತು. ಕಟ್ಟೆಯ ಬಳಿ ಬಂದು ಹೆಂಡತಿಗೆ, "ಒಳಗೆ ಬಾ," ಎಂದ.

"ಯಾವಾಗ ಗೊತ್ತಾಯ್ತು?" ಕಮಲಾವತಿ ಕೇಳಿದಳು.

"ಒಂದು ತಿಂಗಳು ಆಯ್ತು."

"ಕಳೆದ ಷಷ್ಠಿಗೆ ನಾನು ಊಟ ಬಿಟ್ಟದ್ದು ನೋಡಿದ್ರಿ ಅಲ್ವಾ?"

ಮೇದಪ್ಪ ಅಂಗಿಗೆ ಕೈ ಚಾಚಿದ. ಅವಳು ಅಂಗಿಗಳ ರಾಶಿಯಿಂದ ಅವನದನ್ನು ಹುಡುಕಿ, ಒಮ್ಮೆ ಕೊಡವಿ, ಮಗಳ ಕೈಗಿಟ್ಟಳು.

"ಅಪ್ಪನಿಗೆ ಕೊಡು," ಎಂದು ಮನೆಯ ಕಡೆ ನಡೆದಳು.